ಉತ್ತರಕ್ಕೊಂದು ತಕ್ಕಡಿ, ದಕ್ಷಿಣಕ್ಕೊಂದು ತಕ್ಕಡಿ

ಕೇಂದ್ರದಲ್ಲಿ ಕಾಂಗ್ರೆಸ್ಸೇತರ ಸರ್ಕಾರವೊಂದನ್ನು ಭಾರತದ ಜನ ಮೊದಲ ಬಾರಿಗೆ ಕಂಡದ್ದು 1977ರ ಮಾರ್ಚ್‌ನಲ್ಲಿ, ಮೊರಾರ್ಜಿ ದೇಸಾಯಿ ಪ್ರಧಾನಿಯಾದಾಗ. ಹೆಸರಿಗೆ ಅದು ಜನತಾ ಪಕ್ಷದ ಸರ್ಕಾರ. ಒಳಹೊಕ್ಕು ನೋಡಿದರೆ ಸಂಸ್ಥಾ ಕಾಂಗ್ರೆಸ್, ಜನಸಂಘ, ಭಾರತೀಯ ಲೋಕದಳ, ಸಮಾಜವಾದಿಗಳು, ಜಗಜೀವನ್ ರಾಂ ಅವರ ಬಣ, ಜೊತೆಗೆ ಅಕಾಲಿ ದಳ – ಹೀಗೆ ಹಲವು ಮನೆಯವರ ಕೂಡು ಸಂಸಾರ.

ಆ ಸಂಸಾರದ ಆರಂಭದ ದಿನಗಳನ್ನು ಜನ ಹೇಗೆ ಅಳೆದರು? ವಾರಕ್ಕೊಂದು ಜನಾಭಿಪ್ರಾಯ ಸಮೀಕ್ಷೆ ಪ್ರಕಟವಾಗುವ ಕಾಲ ಅದಲ್ಲ. ಮತಪೆಟ್ಟಿಗೆಯೇ ಮುಖ್ಯ ಅಳತೆಗೋಲು.

ಉತ್ತರ ಭಾರತಕ್ಕೆ ತುರ್ತು ಪರಿಸ್ಥಿತಿಯ ಬಿಸಿ, ಅದರಲ್ಲೂ ಬಲವಂತದ ಸಂತಾನಹರಣ ಚಿಕಿತ್ಸೆಯ ಬಿಸಿ, ಚೆನ್ನಾಗಿಯೇ ತಟ್ಟಿತ್ತು. ಉತ್ತರ ಪ್ರದೇಶದ 85, ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಹೊಸ ಸರ್ಕಾರ ಕೆಟ್ಟದ್ದನ್ನು ಸರಿಪಡಿಸುವುದರಿಂದಲೇ ಕೆಲಸ ಆರಂಭಿಸಿತು. ಪತ್ರಿಕೆಗಳ ಕೈ ಕಟ್ಟಿಹಾಕಿದ್ದ ಕಾಯ್ದೆ ರದ್ದಾಯಿತು. ಮೇ ತಿಂಗಳಲ್ಲಿ ಷಾ ಆಯೋಗ ನೇಮಕವಾಯಿತು. ಜೂನ್‌ನ ವಿಧಾನಸಭಾ ಚುನಾವಣೆಗಳಲ್ಲಿ ಆ ಸೀಮೆಯ ಮತದಾರ ಮತ್ತೆ ಜನತಾ ಪಕ್ಷದ ಕೈಹಿಡಿದ.

ಕರ್ನಾಟಕದ ಮಾತೇ ಬೇರೆ. ಇಲ್ಲಿನ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿನ ಪಾಲಾಗಿದ್ದವು. ತುರ್ತು ಪರಿಸ್ಥಿತಿ ಇಲ್ಲಿ ನೋವು ತರಲಿಲ್ಲವೆಂದಲ್ಲ. ವಾಜಪೇಯಿ, ಅಡ್ವಾಣಿ ಅವರನ್ನು ಸೆರೆಯಲ್ಲಿಟ್ಟದ್ದು ಬೆಂಗಳೂರಿನಲ್ಲೇ. ಆದರೆ ಅದೇ ವರ್ಷಗಳಲ್ಲಿ ಗೇಣಿದಾರರು ಉಳುವ ನೆಲಕ್ಕಾಗಿ ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ನಿಂತಿದ್ದರು. ಅವರ ಲೆಕ್ಕದಲ್ಲಿ ಸರ್ಕಾರವೆಂದರೆ ದೆಹಲಿಯಲ್ಲ, ದೇವರಾಜ ಅರಸು.

ದೆಹಲಿ ಈ ಲೆಕ್ಕವನ್ನು ಓದಲಿಲ್ಲ. ಅರಸು ವಿರುದ್ಧದ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗ ನೇಮಿಸಿತು. 1977ರ ಡಿಸೆಂಬರ್ 31ರಂದು ಅವರ ಸರ್ಕಾರವನ್ನೇ ವಜಾ ಮಾಡಿತು. ಎರಡು ತಿಂಗಳೂ ತುಂಬುವ ಮೊದಲೇ, 1978ರ ಫೆಬ್ರುವರಿಯಲ್ಲಿ, ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗೆದ್ದಿತು. ಜನತಾ ಪಕ್ಷಕ್ಕೆ 59. ಇದನ್ನು ಜನತಾ ಸರ್ಕಾರದ ಜನಪ್ರಿಯತೆಯ ಕುಸಿತ ಎಂದವರುಂಟು. ಏರದೇ ಇದ್ದದ್ದು ಇಳಿಯುವುದಾದರೂ ಹೇಗೆ?

ನಿಜವಾದ ಇಳಿತ ಕಂಡದ್ದು ಉತ್ತರದಲ್ಲಿ. ಬಿಹಾರದ ಬೆಲ್ಚಿಯಲ್ಲಿ 1977ರ ಮೇ ತಿಂಗಳಲ್ಲಿ ದಲಿತರೂ ಸೇರಿದಂತೆ 11 ಮಂದಿಯ ಹತ್ಯೆಯಾಯಿತು. ಆಗಸ್ಟ್‌ನ ಕೆಸರಿನಲ್ಲಿ ಆನೆಯೇರಿ ಅಲ್ಲಿಗೆ ಹೋದವರು ಅಧಿಕಾರ ಕಳೆದುಕೊಂಡ ಇಂದಿರಾ ಗಾಂಧಿ. ಅಕ್ಟೋಬರ್ 3ರಂದು ಗೃಹ ಸಚಿವ ಚರಣ್ ಸಿಂಗ್ ಅವರ ಹಟದಿಂದ ಇಂದಿರಾ ಬಂಧನವಾಯಿತು. ಆಧಾರ ಸಾಲದೆಂದು ಮರುದಿನವೇ ನ್ಯಾಯಾಲಯ ಬಿಟ್ಟುಕಳಿಸಿತು. ಸರ್ಕಾರ ನಗೆಪಾಟಲಾಯಿತು. ಚರಣ್ ಸಿಂಗ್ ಮತ್ತು ಮೊರಾರ್ಜಿ ನಡುವಿನ ಜಗಳವೂ ಬೀದಿಗೆ ಬಂತು. ಒಂದೇ ಒಂದು ಸ್ಥಾನವನ್ನೂ ಕಾಂಗ್ರೆಸ್ಸಿಗೆ ಬಿಟ್ಟುಕೊಡದಿದ್ದ ಉತ್ತರ ಪ್ರದೇಶದ ಆಜಂಗಢದಲ್ಲಿ 1978ರ ಉಪಚುನಾವಣೆ ನಡೆದಾಗ ಇಂದಿರಾ ಕಾಂಗ್ರೆಸ್ಸಿನ ಮೊಹ್ಸಿನಾ ಕಿದ್ವಾಯಿ ಗೆದ್ದರು. ಸರ್ಕಾರ ಬಂದು ಒಂದು ವರ್ಷ ದಾಟಿತ್ತಷ್ಟೆ.

ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಕ್ಷೇತ್ರದಲ್ಲಿ ಸ್ವತಃ ಇಂದಿರಾ ನಿಂತರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಕೇಂದ್ರ ಸಚಿವ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಊರೂರು ತಿರುಗಿದರೂ ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಹೆಸರಿನಲ್ಲಿ ಲೋಕಸಭೆ ಅವರ ಸದಸ್ಯತ್ವವನ್ನು ಕಿತ್ತುಹಾಕಿತು. ಕಾಫಿ ಸೀಮೆಯ ಮತದಾರರು ಆರಿಸಿ ಕಳಿಸಿದ ಸದಸ್ಯೆ ಎರಡು ತಿಂಗಳೊಳಗೆ ತಿಹಾರ್ ಜೈಲಿನಲ್ಲಿದ್ದರು.