ಹೆಸರು ಒಂದೇ, ಚಿಪ್ ಬೇರೆ

ಮೊನ್ನೆ ತಮ್ಮನ ಜೊತೆ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ನೋಡೋಕೆ ಹೋಗಿದ್ದೆ. ದುಡ್ಡು ಅವನದೇ, ಒಂದು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟಿದ್ದು. ಮಾರುವವನು "ಆರ್‌ಟಿಎಕ್ಸ್ 3080 ಸಾರ್, ಡೆಸ್ಕ್‌ಟಾಪ್‌ನಲ್ಲಿರೋದೇ ಇದು" ಅಂದ. ಸುಳ್ಳು. ಆದರೆ ಈ ಸುಳ್ಳು ಹುಟ್ಟಿದ್ದು ಅವನಿಂದಲ್ಲ...

2002ರಲ್ಲಿ ಎನ್ವಿಡಿಯಾ ಜೀಫೋರ್ಸ್4 ಎಂಎಕ್ಸ್ ಬಿಟ್ಟಿತ್ತು. ಹೆಸರಲ್ಲಿ 4, ಒಳಗೆ ಬಹುಪಾಲು ಜೀಫೋರ್ಸ್2ರ ವಿನ್ಯಾಸ. ಜೀಫೋರ್ಸ್3ರಲ್ಲೇ ಬಂದಿದ್ದ ಪಿಕ್ಸೆಲ್ ಶೇಡರ್ ಇದರಲ್ಲಿರಲಿಲ್ಲ! 2017ರಲ್ಲಿ ತೆಳು ಲ್ಯಾಪ್‌ಟಾಪ್‌ಗಳಿಗೆಂದು ಕಡಿಮೆ ವಿದ್ಯುತ್ತಿನ ಮ್ಯಾಕ್ಸ್-ಕ್ಯೂ ಚಿಪ್‌ಗಳು ಬಂದವು. ಆಗ ಹೆಸರಿನ ಹಿಂದೆ 'ಮ್ಯಾಕ್ಸ್-ಕ್ಯೂ' ಅನ್ನೋ ಬಾಲವಾದರೂ ಇರುತ್ತಿತ್ತು. 2021ರಲ್ಲಿ 3000 ಸರಣಿ ಬಂದಾಗ ಆ ಬಾಲವೂ ಬಿದ್ದುಹೋಯ್ತು. 80 ವ್ಯಾಟಿನದೂ 3080, 150 ವ್ಯಾಟಿನದೂ 3080. ಡೆಸ್ಕ್‌ಟಾಪಿನ 3080 ಮೊದಲು ಬಂದಾಗ ಅದರಲ್ಲಿದ್ದದ್ದು 8704 ಕೋರ್, ಲ್ಯಾಪ್‌ಟಾಪಿನದರಲ್ಲಿ 6144. ಚಿಪ್ಪೇ ಬೇರೆ ಕಣ್ರೀ.

ಇದು ಕಂಪನಿಯ ಜಾಣತನವಾಯ್ತು. ನೇರ ಮೋಸ ಇನ್ನೊಂದಿದೆ: ಹಳೇ ಡೆಸ್ಕ್‌ಟಾಪ್ ಕಾರ್ಡಿನ ಬಯಾಸ್ ತಿದ್ದಿ ಹೊಸ ಕಾರ್ಡಿನ ಹೆಸರು ಬರೆಯೋದು. 2018ರಲ್ಲಿ ಜಿಪಿಯು-ಝಡ್ ತಂತ್ರಾಂಶ ಇಂಥವನ್ನು ಹಿಡಿದು 'ಫೇಕ್' ಅಂತ ತೋರಿಸೋಕೆ ಶುರುಮಾಡಿತು.

ಅವನ ಮುಂದೆಯೇ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆಗೆದೆ. ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್: 80 ವ್ಯಾಟ್. "ಎಲ್ಲಾ ಒಂದೇ ಸಾರ್" ಅಂದ. ತಮ್ಮನ ಮುಖ ಸಪ್ಪಗಾಯ್ತು. ದಾರಿಯಲ್ಲಿ ಅವನಿಗೆ ಕಾಫಿ ಕೊಡಿಸಿ, ಬರಿಗೈಲಿ ಮನೆಗೆ ಬಂದ್ವಿ.