ಸೇಲಂ, ಧರ್ಮಪುರಿಯಲ್ಲಿ ಮನೆ ಬಾಡಿಗೆಗೆ ಕೊಡುವವರು ತಿಳಿದಿರಬೇಕಾದ ಕಾನೂನು

ವ್ಯಾಪಾರ, ಕೆಲಸ ಅಂತ ಗಡಿ ದಾಟಿ ಸೇಲಂ, ಧರ್ಮಪುರಿ ಕಡೆ ಹೋದವರು ಅಲ್ಲೇ ಮನೆ ಕಟ್ಟಿಸಿ ಒಂದು ಮಹಡಿಯನ್ನು ಬಾಡಿಗೆಗೆ ಕೊಡುವುದುಂಟು. ಕರಾರುಪತ್ರ ಬರೆಸುವಾಗ ಮಾತ್ರ ಊರಿನ ಅಭ್ಯಾಸವೇ ನೆನಪಾಗುತ್ತದೆ: ಸ್ಟ್ಯಾಂಪ್ ಪೇಪರ್, 11 ತಿಂಗಳು, ಇಬ್ಬರು ಸಾಕ್ಷಿಗಳು, ಮುಗೀತು. ತಮಿಳುನಾಡಿನಲ್ಲಿ ಇಷ್ಟು ಸಾಲದು.

ಅಲ್ಲಿ 1960ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ, 2017ರ ಮಾಲೀಕ-ಬಾಡಿಗೆದಾರರ ಹಕ್ಕು ಮತ್ತು ಹೊಣೆಗಾರಿಕೆ ಕಾಯ್ದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಕರಾರು ಲಿಖಿತವಾಗಿಯೇ ಇರಬೇಕು. ಅದನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಸರ್ಕಾರದ ಟೆನೆನ್ಸಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ನೋಂದಣಿಯಾದರೆ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. 11 ತಿಂಗಳ ಕರಾರಿಗೂ ಇದು ಅನ್ವಯ. ಒಂದು ವರ್ಷ ಮೀರಿದ ಅವಧಿಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನೋಂದಣಿ ಬೇಕು.

ನೋಂದಾಯಿಸದ ಕರಾರನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಬಾಡಿಗೆದಾರ ಮನೆ ಬಿಡಲೊಲ್ಲೆ ಎಂದಾಗ ಕೈಯಲ್ಲಿರುವ ಕಾಗದಕ್ಕೆ ಬೆಲೆಯೇ ಇಲ್ಲದಂತಾಗುವುದು ಇಲ್ಲೇ. ಅಂಥ ಸಿಟ್ಟಿನಲ್ಲಿ ಕರೆಂಟ್, ನೀರು ಕಡಿತ ಮಾಡುವವರಿದ್ದಾರೆ; ಅದೂ ನಿಷಿದ್ಧ, ಬಾಡಿಗೆದಾರ ನೇರವಾಗಿ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮನೆ ಬಿಡಿಸಲು ಬಾಡಿಗೆ ನ್ಯಾಯಾಲಯಕ್ಕೇ ಹೋಗಬೇಕು.

ಪತ್ರದಲ್ಲಿ ಏನಿರಬೇಕು? ಇಬ್ಬರ ವಿಳಾಸ, ಗುರುತಿನ ವಿವರ, ಬಾಡಿಗೆ, ಅವಧಿ, ಅಡ್ವಾನ್ಸ್. ಅಡ್ವಾನ್ಸ್‌ಗೆ ಕಾಯ್ದೆ ಹೇಳುವ ಸಾಮಾನ್ಯ ಮಿತಿ ಮೂರು ತಿಂಗಳ ಬಾಡಿಗೆ. ಹತ್ತು ತಿಂಗಳದ್ದು ಕೇಳುವ ನಮ್ಮ ಬೆಂಗಳೂರು ಲೆಕ್ಕ ಅಲ್ಲಿ ಜಗಳಕ್ಕೆ ದಾರಿ. ಬಾಡಿಗೆ ಏರಿಸುವ ಕ್ರಮವನ್ನೂ ಮೊದಲೇ ಬರೆಸಿಡುವುದು ಒಳ್ಳೆಯದು.

ರಿಪೇರಿ ವಿಚಾರದಲ್ಲಿ ಕಾಯ್ದೆಯೇ ಹಂಚಿಕೆ ಮಾಡಿದೆ. ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಪೇಂಟ್, ಪೈಪ್ ಬದಲಾವಣೆ, ಹೊರಗಿನ ವೈರಿಂಗ್ ಮಾಲೀಕರದ್ದು. ನಲ್ಲಿಯ ವಾಷರ್, ಚರಂಡಿ ಶುಚಿ, ಸ್ವಿಚ್, ಒಡೆದ ಗಾಜು ಬಾಡಿಗೆದಾರನದ್ದು. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡರೆ ಅದೇ ನಡೆಯುತ್ತದೆ.

ಅಲ್ಲಿ ‘ಲೀಸ್’ ಅಂದರೆ ಕೆಲವರು ತಿಂಗಳ ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಇರುವ ಭೋಗ್ಯ ಎಂದೇ ತಿಳಿಯುತ್ತಾರೆ. ಮಾತು ಕೊಡುವ ಮೊದಲು ಯಾವುದು ಎಂದು ಕೇಳಿಕೊಳ್ಳಿ. ಪತ್ರ ತಮಿಳಿನಲ್ಲಿದ್ದರೆ ಓದಬಲ್ಲವರಿಂದ ಪ್ರತಿ ಸಾಲನ್ನೂ ಓದಿಸಿಕೊಂಡ ನಂತರವೇ ಸಹಿ ಹಾಕಿ. ವಕ್ಫ್ ನೋಂದಾಯಿತ ಆಸ್ತಿಯ ಕೋಣೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅವುಗಳಿಗೆ ವಕ್ಫ್ ನಿಯಮಗಳೇ ಬೇರೆ.