ಕಾರಿಗೆ ದಾರಿ ತುಂಬ ನೀರು ಕುಡಿಸಿದಾಕಿ

ಘಾಟು ಏರುವಾಗ ಕಾರು ಕಾದು ನಿಂತ್ರ ಗಂಡಸರು ಬಾನೆಟ್ ಎತ್ತಿ, ‘ನಿಮಗೇನ್ ತಿಳೀತದ, ನೆರಳಾಗ ಕೂಡ್ರಿ’ ಅಂತಾರ. ಹಂಗ ಅಂದವರಿಗೆ ಬರ್ಥಾ ಬೆಂಝ್ ಕತಿ ಹೇಳ್ರಿ.

1888ರ ಆಗಸ್ಟ್ ತಿಂಗಳು. ಜರ್ಮನಿಯ ಮ್ಯಾನ್‌ಹೈಮ್ ಊರಾಗ ಕಾರ್ಲ್ ಬೆಂಝ್ ಮೂರು ಗಾಲಿ ಮೋಟಾರು ಗಾಡಿ ಮಾಡಿದ್ದ. ಅವನ ಹೆಂಡತಿ ಬರ್ಥಾ ಗಂಡಗ ಹೇಳದನ, ಇಬ್ಬರು ಗಂಡುಮಕ್ಕಳನ್ನ ಕರಕೊಂಡು, ಅದೇ ಥರದ ಗಾಡಿಯೊಳಗ ತವರೂರು ಫೋರ್ಝ್‌ಹೈಮಿಗೆ ಹೊಂಟಳು. 100 ಕಿ.ಮೀ.ಗಿಂತ ಹೆಚ್ಚಿನ ದಾರಿ. ಅಷ್ಟು ದೂರ ಅದಕ್ಕಿಂತ ಮೊದಲು ಯಾರೂ ಕಾರಿನಾಗ ಹೋಗಿರಲಿಲ್ಲ.

ಆ ಗಾಡಿಗೆ ಈಗಿನಂಥ ರೇಡಿಯೇಟರ್ ಇರಲಿಲ್ಲ. ಎಂಜಿನ್ ಸುತ್ತ ಇದ್ದ ನೀರು ಕುದ್ದು ಉಗಿಯಾಗಿ ಹೋಗುವಾಗ ಕಾವನ್ನೂ ಹೊತ್ತೊಯ್ಯತಿತ್ತು. ನೀರು ಬತ್ತಿದ್ರ ತಳ ಹತ್ತಿದ ಪಾತ್ರಿ ಗತಿನ. ಹಿಂಗಾಗಿ ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿದ್ರು. ಎಣ್ಣಿ ನಳಿಗಿ ಕಟ್ಟಿಕೊಂಡಾಗ ಬರ್ಥಾ ತನ್ನ ಟೊಪ್ಪಿಗಿ ಪಿನ್ನಿಲೆ ಬಿಡಿಸಿದ್ಲು.

ಮುಂದ 1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರ್ ಕೂಡಿಸಿದ. 8,070 ಸಣ್ಣ ನಳಿಗಿ. ನಳಿಗಿಯೊಳಗ ಗಾಳಿ, ಸುತ್ತಲೂ ನೀರು. ನೀರು ತಣ್ಣಗಾಗಿ ತಿರುಗಿ ಎಂಜಿನ್ನಿಗೇ ಬರ್ತಿತ್ತು.

ಈಗಿನ ಕಾರಿನಾಗ ಅದಕ್ಕ ಬಿಗಿ ಮುಚ್ಚಳಾನೂ ಅದ. ಲೆಕ್ಕ ನಮ್ಮ ಕುಕ್ಕರಿಂದ: ಒಳಗ ಒತ್ತಡ ಇದ್ರ ನೀರು 100 ಡಿಗ್ರಿ ದಾಟಿದ್ರೂ ಕುದಿಯೂದಿಲ್ಲ. ಉಗಿ ಇಳೀದ ಕುಕ್ಕರ್ ತೆಗೀತೀವೇನು? ಹಂಗ ಕಾದ ರೇಡಿಯೇಟರ್ ಮುಚ್ಚಳಕ್ಕೂ ಕೈ ಹಚ್ಚಬ್ಯಾಡ್ರಿ. ಕುದಿಯೋ ನೀರು ಮಾರಿಗೇ ಚಿಮ್ಮತದ, ಮೈಯೆಲ್ಲಾ ಸುಡ್ತದ.

ಕಾವಿನ ಮುಳ್ಳು ಕೆಂಪಿಗೆ ಬಂತಂದ್ರ ಬದೀಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡ್ರಿ. ಅರ್ಧ ತಾಸರೆ ಆರಲಿ. ಪೂರ್ತಿ ತಣ್ಣಗಾದ ಮ್ಯಾಲೆ ಪ್ಲಾಸ್ಟಿಕ್ ಡಬ್ಬಿಯೊಳಗ ಕೂಲಂಟ್ ಕೆಳಗಿನ ಗೀಟಿಗಿಂತ ಇಳಿದದೇನು, ಗಾಡಿ ಕೆಳಗ ಏನರೆ ಸೋರೇದೇನು, ನೋಡ್ರಿ. ಕೂಲಂಟ್ ಸರಿ ಇದ್ದು, ಟ್ರಾಫಿಕ್ಕಿನಾಗ ನಿಂತಾಗ ಅಷ್ಟೇ ಕಾದ್ರ ಫ್ಯಾನ್ ತಿರುಗತದೋ ಇಲ್ಲೋ ನೋಡಿಸ್ರಿ. ತುಂಬಿದ್ದು ಮತ್ತ ಇಳೀತಂದ್ರ ಎಲ್ಲೋ ಸೋರಲಿಕ್ಕತ್ತದ. ಬರೇ ತುಂಬಕೋತ ಓಡಿಸಿದ್ರ ಎಂಜಿನ್ನೇ ಹೋಗ್ತದ, ಮೆಕ್ಯಾನಿಕ್‌ನ ಕರಸ್ರಿ.

ಬರ್ಥಾ ಕಣ್ಣಿಟ್ಟಿದ್ದು ನೀರಿನ ಮ್ಯಾಲೆ. ನಾವೂ ಮೊದಲು ಅದನ್ನ ನೋಡಬೇಕು, ಆದ್ರ ಆರೂತನಕ ಕಾಯ್ದು. ಗಾಡಿ ಕಲಿಯೋ ಮನಿ ಹುಡುಗ್ಯಾರಿಗೆ ಇದನ್ನ ಮರೀದ ಹೇಳ್ರಿ.